ಚಿತ್ರ ಒಂದೇ, ಬಾಗಿಲು ಒಂದೇ ಆಗಿರಲಿಲ್ಲ



ಕೋರ್ಟಿನ ಕೆಲಸಕ್ಕೋ ಆಸ್ಪತ್ರೆಗೋ ಪಟ್ಟಣಕ್ಕೆ ಹೋಗಿ, ಕೊನೆಯ ಬಸ್ಸು ತಪ್ಪಿ, ಲಾಡ್ಜಿನಲ್ಲಿ ರಾತ್ರಿ ಕಳೆದವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಮಂಚದ ಮೇಲಿನ ಗೋಡೆಯಲ್ಲಿ ಒಂದು ಚಿತ್ರವಿರುತ್ತದೆ. ಹಿಮದ ಬೆಟ್ಟ, ಅದರ ಕೆಳಗೊಂದು ಕೊಳ, ದಡದಲ್ಲೊಂದು ಮನೆ. ಪಕ್ಕದ ಕೋಣೆಯಲ್ಲೂ ಅದೇ. ಬೆಳಿಗ್ಗೆ ಬೀಗದ ಕೈ ಒಪ್ಪಿಸಿ ಬಸ್ಸು ಹತ್ತಿದ ಮೇಲೆ ಆ ಚಿತ್ರ ನೆನಪಿನಲ್ಲಿ ಉಳಿಯುವುದಿಲ್ಲ. ಇಂಥ ಚಿತ್ರಗಳು ಬಹಳ ಹೆಸರಾದದ್ದು ಅಮೆರಿಕದ ಅಗ್ಗದ ಮೋಟೆಲುಗಳಲ್ಲಿ. ಅವುಗಳ ಕಥೆಯನ್ನು ಇಂದು ಕೇಳೋಣ.

ಒಂದೇ ಚಿತ್ರದ ಸಾವಿರ ಪ್ರತಿ ತೆಗೆಯುವ ಒಂದು ದಾರಿ ತೆರೆದದ್ದು ಕಲ್ಲಿನಿಂದ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲವೆಂಬುದು ನಿಮಗೆ ಗೊತ್ತು. ಅದನ್ನೇ ಹಿಡಿದು ಜರ್ಮನಿಯ ಸೆನೆಫೆಲ್ಡರ್ 1790ರ ದಶಕದ ಕೊನೆಯಲ್ಲಿ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಅಚ್ಚು ತೆಗೆದ. ಇದೇ ಕಲ್ಲಚ್ಚು. ನಮ್ಮ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದೂ ಕಲ್ಲಚ್ಚಿನಲ್ಲೇ. 1837ರಲ್ಲಿ ಫ್ರಾನ್ಸಿನ ಎಂಗೆಲ್ಮನ್ ಬಣ್ಣದ ಕಲ್ಲಚ್ಚಿಗೆ ಹಕ್ಕು ಪಡೆದ. ಶ್ರೀಮಂತರ ಗೋಡೆಯ ಮೇಲಿದ್ದ ಚಿತ್ರ ಕ್ರಮೇಣ ಬಡವರ ಗೋಡೆಗೂ ಬಂತು.

ಅಮೆರಿಕದಲ್ಲಿ ಮೋಟಾರು ಕಾರು ಹೆಚ್ಚಿದಂತೆ, 1925ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೋದಲ್ಲಿ ದಾರಿಹೋಕರಿಗೊಂದು ವಸತಿಗೃಹ ತೆರೆಯಿತು. ಮೋಟಾರು, ಹೋಟೆಲು ಎರಡೂ ಸೇರಿ ‘ಮೋಟೆಲ್’ ಎಂಬ ಮಾತು ಹುಟ್ಟಿತು. 1951ರಲ್ಲಿ ಕೆಮನ್ಸ್ ವಿಲ್ಸನ್ ಎಂಬವರು ಮಕ್ಕಳೊಡನೆ ಪ್ರವಾಸ ಹೋದಾಗ ದಾರಿಯ ವಸತಿಗಳಿಂದ ಬೇಸತ್ತರು. ಮರುವರ್ಷ ಮೆಂಫಿಸ್‌ನಲ್ಲಿ ಹಾಲಿಡೇ ಇನ್ ತೆರೆದರು. ಯಾವ ಊರಿನಲ್ಲಿ ಇಳಿದರೂ ಅದೇ ಮಂಚ, ಅದೇ ಅಚ್ಚುಕಟ್ಟು ಎಂಬುದೇ ಅವರ ವ್ಯಾಪಾರದ ಗುಟ್ಟು.

ಎಲ್ಲವೂ ಒಂದೇ ಅಂದಮೇಲೆ ಚಿತ್ರವೂ ಒಂದೇ ಆಗಬೇಕಲ್ಲವೇ? ಅದರಲ್ಲಿ ದೇವರಿಲ್ಲ, ನಾಯಕರಿಲ್ಲ, ಯುದ್ಧವಿಲ್ಲ. ಯಾರ ಊರೂ ಅಲ್ಲದ ಒಂದು ಬೆಟ್ಟ, ಯಾರ ತೋಟವೂ ಅಲ್ಲದ ಒಂದಿಷ್ಟು ಹೂವು. ಯಾರು ಬಂದು ಮಲಗಿದರೂ ಮನಸ್ಸು ನೋಯಬಾರದು. ಯಾರನ್ನೂ ನೋಯಿಸದಿರುವುದೇ ಆ ಚಿತ್ರದ ಕೆಲಸ.

ಆದರೆ ಬಂಧುಗಳೇ, ಯಾರು ಬೇಕಾದರೂ ಬಂದು ಮಲಗಬಹುದಿತ್ತೇ? ಇಲ್ಲ. ಕಾರಿದ್ದರೂ ಕೈಯಲ್ಲಿ ಹಣವಿದ್ದರೂ, ಕಪ್ಪು ಜನರಿಗೆ ಎಷ್ಟೋ ಮೋಟೆಲುಗಳಲ್ಲಿ ಕೋಣೆ ಸಿಗುತ್ತಿರಲಿಲ್ಲ. ಮಕ್ಕಳನ್ನು ಕಾರಿನಲ್ಲೇ ಮಲಗಿಸಿ ರಾತ್ರಿ ಕಳೆದ ಕುಟುಂಬಗಳಿದ್ದವು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ವಿಕ್ಟರ್ ಗ್ರೀನ್ ಎಂಬ ಅಂಚೆ ಪೇದೆ, ತನ್ನವರಿಗೆ ಎಲ್ಲೆಲ್ಲಿ ಜಾಗ ಕೊಡುತ್ತಾರೆಂದು ಪಟ್ಟಿಮಾಡಿ 1936ರಿಂದ ಒಂದು ಕೈಪಿಡಿಯನ್ನೇ ಅಚ್ಚುಹಾಕಿಸಬೇಕಾಯಿತು.

1964ರ ಜುಲೈಯಲ್ಲಿ ಈ ಭೇದವನ್ನು ತಡೆಯುವ ಕಾನೂನು ಬಂತು. ಅಟ್ಲಾಂಟಾದ 216 ಕೋಣೆಗಳ ‘ಹಾರ್ಟ್ ಆಫ್ ಅಟ್ಲಾಂಟಾ’ ಮೋಟೆಲಿನವರು ನಮಗೆ ಇಷ್ಟಬಂದವರಿಗಷ್ಟೇ ಕೋಣೆ ಎಂದು ಕೋರ್ಟಿಗೆ ಹೋದರು. ಅದೇ ವರ್ಷದ ಡಿಸೆಂಬರ್ 14ರಂದು ಅಲ್ಲಿನ ಸುಪ್ರೀಂ ಕೋರ್ಟು ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿತು.

ಗಡಿಯಲ್ಲಿ ಬಾಳುವ ನಮಗೆ ‘ಯಾವ ಊರು, ಯಾವ ಜನ?’ ಎಂಬ ಬಾಗಿಲಿನ ಪ್ರಶ್ನೆ ಹೊಸದಲ್ಲ. ಬೇರೆಯೇ ಲೋಟದಲ್ಲಿ ಚಹಾ ಕುಡಿದ ಹಿರಿಯರು ನಮ್ಮ ಊರುಗಳಲ್ಲೂ ಇದ್ದಾರೆ. ಅಂಗಡಿ, ಹೋಟೆಲುಗಳಿಗೆ ಹೋಗುವುದನ್ನು ಜಾತಿ, ಮತದ ಕಾರಣಕ್ಕೆ ಯಾರೂ ತಡೆಯುವಂತಿಲ್ಲವೆಂದು 1950ರಲ್ಲೇ ಜಾರಿಗೆ ಬಂದ ನಮ್ಮ ಸಂವಿಧಾನದ 15ನೇ ವಿಧಿ ಹೇಳುತ್ತದೆ.

ಇನ್ನೊಮ್ಮೆ ಲಾಡ್ಜಿನಲ್ಲಿ ಆ ಹಿಮದ ಬೆಟ್ಟ ಕಂಡರೆ ಸಪ್ಪೆ ಚಿತ್ರವೆಂದು ನಗಬೇಡಿ. ಅದರ ಕೆಳಗೆ ಮಲಗುವ ಹಕ್ಕಿಗಾಗಿ ಜನ ಕಾದಿದ್ದಾರೆ, ಹೋರಾಡಿದ್ದಾರೆ. ಗೋಡೆಯ ಚಿತ್ರ ಎಲ್ಲರಿಗೂ ಒಂದೇ ಇದ್ದರೆ ಸಾಲದು, ಬಾಗಿಲೂ ಒಂದೇ ಇರಬೇಕು.