ಮೇಜಿನ ಮೇಲಿನ ಪುಟ್ಟ ಗಣಕ: ಗಳಿಸಿದ್ದೇನು, ಕಳೆದದ್ದೇನು?

ಮನೆಗೊಂದು ಗಣಕಯಂತ್ರ ತರಬೇಕೆಂದು ನೀವು ಅಂಗಡಿಗೆ ಹೋದಿರೆಂದು ಇಟ್ಟುಕೊಳ್ಳೋಣ. ಒಂದು ಕಡೆ ಮೊಣಕಾಲೆತ್ತರದ ದೊಡ್ಡ ಪೆಟ್ಟಿಗೆ. ಇನ್ನೊಂದು ಕಡೆ ಊಟದ ಡಬ್ಬಿಯಷ್ಟೇ ಇರುವ ಪುಟ್ಟ ಪೆಟ್ಟಿಗೆ. ಎರಡೂ ಮಾಡುವ ಕೆಲಸ ಒಂದೇ ಎಂದು ಅಂಗಡಿಯವರು ಹೇಳುತ್ತಾರೆ. ಹಾಗಾದರೆ ದೊಡ್ಡದನ್ನು ಯಾರಾದರೂ ಏಕೆ ಕೊಳ್ಳಬೇಕು? ಈ ಪ್ರಶ್ನೆ ಹೊಸದೇನಲ್ಲ. ಇದಕ್ಕೆ ನಲವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅದರಲ್ಲಿ ಬಹಳ ಸ್ವಾರಸ್ಯವಾದ ಭಾಗ ಅಮೆರಿಕದ ಆ್ಯಪಲ್ ಎಂಬ ಒಂದೇ ಸಂಸ್ಥೆಯ ಗೋಡೆಗಳೊಳಗೆ ನಡೆಯಿತು.

1977ರಲ್ಲಿ ಆ ಸಂಸ್ಥೆ ‘ಆ್ಯಪಲ್ 2’ ಎಂಬ ಗಣಕವನ್ನು ಹೊರತಂದಿತು. ಅದರ ರಚನಕಾರ ಸ್ಟೀವ್ ವೋಜ್ನಿಯಾಕ್. ಮೇಲಿನ ಮುಚ್ಚಳವನ್ನು ಕೈಯಿಂದಲೇ ಎತ್ತಿದರೆ ಒಳಗೆ ಸಾಲಾಗಿ ಎಂಟು ಸ್ಲಾಟ್‌ಗಳು ಕಾಣುತ್ತಿದ್ದವು. ಹೊಸ ಸಾಧನ ಬೇಕಾದಾಗ ಅದರ ಕಾರ್ಡನ್ನು ತಂದು ಸಿಕ್ಕಿಸಿದರೆ ಆಯಿತು. ಸಹಸಂಸ್ಥಾಪಕ ಸ್ಟೀವ್ ಜಾಬ್ಸ್‌ಗೆ ಇಷ್ಟೆಲ್ಲ ಬೇಕಿರಲಿಲ್ಲ; ಮುದ್ರಕಕ್ಕೊಂದು, ಮೋಡೆಮ್‌ಗೊಂದು, ಎರಡು ಸ್ಲಾಟ್ ಸಾಕೆಂಬುದು ಆತನ ವಾದ. ಆ ಸಲ ಗೆದ್ದದ್ದು ವೋಜ್ನಿಯಾಕ್. ಯಾರೂ ಊಹಿಸದಿದ್ದ ಕೆಲಸಗಳಿಗೆಲ್ಲ ಜನ ಆ ಯಂತ್ರವನ್ನು ಒಗ್ಗಿಸಿಕೊಂಡರು. 1993ರವರೆಗೂ ಆ ಮಾಲಿಕೆಯ ಯಂತ್ರಗಳು ತಯಾರಾಗುತ್ತಲೇ ಇದ್ದವು. 1981ರಲ್ಲಿ ಬಂದ ಐಬಿಎಂ ಪಿಸಿ ಕೂಡ ಐದು ಸ್ಲಾಟ್‌ಗಳ ತೆರೆದ ಯಂತ್ರವೇ.

ಜಾಬ್ಸ್‌ಗೆ ತನ್ನ ಮಾತನ್ನು ನಡೆಸುವ ಅವಕಾಶ ಸಿಕ್ಕಿದ್ದು ಮೆಕಿಂತೋಷ್‌ನಲ್ಲಿ. ಸಾಮಾನ್ಯ ಜನರಿಗೊಂದು ಸುಲಭ, ಅಗ್ಗದ ಗಣಕ ಎಂಬ ಆಶಯದಿಂದ 1979ರಲ್ಲಿ ಆ ಯೋಜನೆಯನ್ನು ಆರಂಭಿಸಿದವರು ಜೆಫ್ ರಸ್ಕಿನ್. 1981ರಲ್ಲಿ ಜಾಬ್ಸ್ ಅದನ್ನು ತನ್ನ ಕೈಗೆ ತೆಗೆದುಕೊಂಡ. ಒಂದು ದಿನ ಆತ ವಿನ್ಯಾಸಕಾರರ ಮುಂದೆ ಟೆಲಿಫೋನ್ ಡೈರೆಕ್ಟರಿಯೊಂದನ್ನು ಮೇಜಿನ ಮೇಲೆ ಹಾಕಿ, ನಮ್ಮ ಯಂತ್ರ ಇದಕ್ಕಿಂತ ಹೆಚ್ಚು ಜಾಗ ಹಿಡಿಯಕೂಡದೆಂದು ಅಪ್ಪಣೆ ಮಾಡಿದನಂತೆ. ಅಗಲಕ್ಕೆ ಹೋಗಲು ಜಾಗವಿಲ್ಲದ ಮೇಲೆ ಯಂತ್ರ ಎತ್ತರಕ್ಕೆ ಬೆಳೆಯಬೇಕಾಯಿತು. ಮೇಲೆ ಪರದೆ, ಅದರ ಕೆಳಗೆ ಫ್ಲಾಪಿಯ ಬಾಯಿ, ತಲೆಯ ಮೇಲೆ ಎತ್ತಿಕೊಂಡು ಹೋಗಲೊಂದು ಹಿಡಿ: ಇಂದಿಗೂ ಚಿತ್ರಗಳಲ್ಲಿ ಕಾಣುವ ಆ ಮುದ್ದಾದ ಮುಖ ಹುಟ್ಟಿದ್ದು ಹೀಗೆ.

1984ರ ಜನವರಿ 24ರಂದು ಅದು ಬಿಡುಗಡೆಯಾಯಿತು. ಬೆಲೆ 2,495 ಡಾಲರ್. ತೂಕ ಸುಮಾರು ಏಳೂವರೆ ಕಿಲೋ. ಪರದೆ ಒಂಬತ್ತು ಅಂಗುಲದ್ದು, ಕಪ್ಪು ಬಿಳುಪಿನದು. ಕಣ್ಣಿಗೆ ಕಾಣುವ ಚಿತ್ರಗಳನ್ನು ಮೌಸ್‌ನಿಂದ ಒತ್ತಿ ಕೆಲಸ ಮಾಡಬಹುದೆಂಬುದನ್ನು ಸಾವಿರಾರು ಜನ ಮೊದಲು ಕಂಡದ್ದು ಇದರಲ್ಲಿ. ಇದು ಸಣ್ಣ ಗಳಿಕೆಯಲ್ಲ. ಪೆಟ್ಟಿಗೆಯಿಂದ ತೆಗೆದು, ವಿದ್ಯುತ್ತಿನ ತಂತಿ ಸಿಕ್ಕಿಸಿ, ಗುಂಡಿ ಒತ್ತಿದರೆ ಕೆಲಸ ಶುರು. ಪರದೆಗೊಂದು ತಂತಿ, ಡಿಸ್ಕಿಗೊಂದು ತಂತಿ ಎಂಬ ಗೋಜಲೇ ಇಲ್ಲ.

ಇನ್ನು ಕೊರತೆಗಳ ಕಡೆ ಬನ್ನಿ. ಮೊದಲನೆಯದು ಸ್ಮೃತಿ, ಅಂದರೆ ಮೆಮೊರಿ. ಇದ್ದದ್ದು 128 ಕಿಲೋಬೈಟ್ ಮಾತ್ರ. ಪರದೆಯ ಮೇಲೆ ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕೆಗಳು. ಪ್ರತಿ ಚುಕ್ಕೆಗೂ ಒಂದು ಬಿಟ್ ಎಂದು ನೀವೇ ಲೆಕ್ಕ ಹಾಕಿ ನೋಡಿ, ಚಿತ್ರ ತೋರಿಸುವುದಕ್ಕೇ ಸುಮಾರು 22 ಸಾವಿರ ಬೈಟ್ ಹೋಗುತ್ತದೆ. ಉಳಿದುದರಲ್ಲಿ ವ್ಯವಸ್ಥೆಯೂ ಇರಬೇಕು, ನಿಮ್ಮ ಪತ್ರವೂ ಇರಬೇಕು. ಇದ್ದದ್ದು ಒಂದೇ ಫ್ಲಾಪಿ ಡ್ರೈವ್. ಒಂದು ಫ್ಲಾಪಿಯನ್ನು ಇನ್ನೊಂದಕ್ಕೆ ನಕಲು ಮಾಡಲು ಹೊರಟರೆ, ಇದನ್ನು ಹಾಕು, ಅದನ್ನು ತೆಗೆ ಎಂದು ಯಂತ್ರ ಮತ್ತೆ ಮತ್ತೆ ಕೇಳುತ್ತಿತ್ತು. ಎರಡನೆಯ ಡ್ರೈವ್ ಬೇಕೆಂದರೆ ಹೊರಗೆ ಇಡಬೇಕು. ಅಲ್ಲಿಗೆ ಮೇಜಿನ ಜಾಗ ಉಳಿಸಿದ ಹೆಮ್ಮೆಯೂ ಮುಗಿಯಿತು.

ಸ್ಮೃತಿಯನ್ನು ಹೆಚ್ಚಿಸೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಹದಿನಾರು ಚಿಪ್‌ಗಳನ್ನು ಫಲಕಕ್ಕೆ ಬೆಸುಗೆ ಹಾಕಿಬಿಟ್ಟಿದ್ದರು. ಒಂದೂ ಸ್ಲಾಟ್ ಇರಲಿಲ್ಲ. ಹೊರಕವಚದ ಸ್ಕ್ರೂಗಳ ತಲೆ ನಕ್ಷತ್ರದ ಆಕಾರದ್ದು, ಅದೂ ಆಳದಲ್ಲಿ. ಮನೆಯಲ್ಲಿರುವ ಸ್ಕ್ರೂಡ್ರೈವರ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಕವಚದ ಒಳಮೈಮೇಲೆ ನಿರ್ಮಾಪಕ ತಂಡದವರೆಲ್ಲರ ಸಹಿಗಳನ್ನು ಅಚ್ಚೊತ್ತಿದ್ದರು. ಕೊಂಡವರು ಎಂದೂ ನೋಡಬಾರದ ಜಾಗದಲ್ಲಿ ಸಹಿ ಹಾಕಿದ್ದು ಒಂದು ವಿನೋದವೇ ಸರಿ! ಒಳಗಿದ್ದ ಚಿತ್ರನಳಿಕೆಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆಂಬುದು ನಿಜ. ಮುಚ್ಚಿಡುವುದಕ್ಕೆ ಅದೂ ಒಂದು ಕಾರಣವೆಂದು ಒಪ್ಪೋಣ. ಆದರೆ ನಿಜವಾದ ಕಾರಣ, ಈ ಯಂತ್ರ ಹೀಗೆಯೇ ಇರತಕ್ಕದ್ದೆಂಬ ಜಾಬ್ಸ್‌ನ ಹಟ.

ಆ ಹಟವನ್ನು ಮೀರಲು ಒಳಗಿನವರೇ ಪ್ರಯತ್ನಿಸಿದರು. ವಿದ್ಯುನ್ಮಾನ ಫಲಕವನ್ನು ರಚಿಸಿದ ಬರೆಲ್ ಸ್ಮಿತ್, ‘ಪರೀಕ್ಷಾ ದ್ವಾರ’ ಎಂಬ ನೆಪದಲ್ಲಿ ಒಂದು ಸ್ಲಾಟನ್ನೇ ಒಳಸೇರಿಸಲು ನೋಡಿದ. ಗುಟ್ಟು ಹೊರಬಿದ್ದು ಅದು ರದ್ದಾಯಿತು. ಆದರೆ ಇನ್ನೊಂದು ಉಪಾಯ ಫಲಿಸಿತು: ಮುಂದೆ ನಾಲ್ಕು ಪಟ್ಟು ದೊಡ್ಡ ಚಿಪ್‌ಗಳು ಬಂದಾಗ ಅದೇ ಹದಿನಾರು ಜಾಗಗಳಲ್ಲಿ ಕೂರುವಂತೆ ಫಲಕದಲ್ಲಿ ಮೊದಲೇ ದಾರಿ ಬಿಟ್ಟಿದ್ದ. 1984ರ ಸೆಪ್ಟೆಂಬರಿನಲ್ಲಿ, ಎಂಟೇ ತಿಂಗಳಲ್ಲಿ, 512 ಕಿಲೋಬೈಟಿನ ಮಾದರಿ ಬಂದದ್ದು ಆ ದೂರದೃಷ್ಟಿಯಿಂದ. ನನ್ನನ್ನು ಕೇಳಿದರೆ ಈ ಕಥೆಯ ನಾಯಕ ಸ್ಮಿತ್.

ಬಿಸಿಯ ಕಷ್ಟ ಬೇರೆ. ಫ್ಯಾನಿನ ಸದ್ದು ಜಾಬ್ಸ್‌ಗೆ ಆಗದು. ಆದ್ದರಿಂದ ಫ್ಯಾನೇ ಇಲ್ಲ. ಬಿಸಿಗಾಳಿ ಮೇಲಿನ ಸೀಳುಗಳಿಂದ ತಾನಾಗಿ ಹೊರಹೋಗಬೇಕು. ಪರದೆ, ವಿದ್ಯುತ್ ಭಾಗ, ಫಲಕ ಎಲ್ಲವೂ ಇಕ್ಕಟ್ಟಿನಲ್ಲಿ ಕುಳಿತು ಕಾಯುತ್ತಿದ್ದವು. ವಿದ್ಯುತ್ ಭಾಗ ಕೆಡುವುದು ಈ ಯಂತ್ರಗಳ ಸಾಮಾನ್ಯ ರೋಗವಾಯಿತು. ಜನ ಅದಕ್ಕೆ ಟೋಸ್ಟರ್ ಎಂದು ಅಡ್ಡಹೆಸರಿಟ್ಟರು. ಕೆಲವರು ಅದರ ತಲೆಯ ಮೇಲೆ ರಟ್ಟಿನ ಚಿಮಣಿಯನ್ನು ನಿಲ್ಲಿಸಿ ಗಾಳಿ ಎಳೆಸಿದರು; ಮೇಲೆ ಕೂರಿಸುವ ಪುಟ್ಟ ಫ್ಯಾನುಗಳನ್ನು ಬೇರೆ ಸಂಸ್ಥೆಗಳು ಮಾರಿದವು.

1985ರಲ್ಲಿ ಲೇಸರ್ ಮುದ್ರಕವೂ ಪೇಜ್‌ಮೇಕರ್ ತಂತ್ರಾಂಶವೂ ಬಂದು, ಪುಟ ವಿನ್ಯಾಸದ ಕೆಲಸದಲ್ಲಿ ಮೆಕಿಂತೋಷ್ ಕೈಹಿಡಿದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಾಬ್ಸ್ ಸಂಸ್ಥೆಯನ್ನು ಬಿಟ್ಟ. ಆನಂತರ ಆದದ್ದನ್ನು ಗಮನಿಸಿ. 1986ರ ಮಾದರಿಯಲ್ಲಿ ಸ್ಮೃತಿಯನ್ನು ನಾಲ್ಕು ಮೆಗಾಬೈಟಿನವರೆಗೆ ಹೆಚ್ಚಿಸಬಹುದಾಯಿತು. 1987ರ ‘ಎಸ್‌ಇ’ಯಲ್ಲಿ ಫ್ಯಾನೂ ಬಂತು, ಒಂದು ಸ್ಲಾಟೂ ಬಂತು. ಅದೇ ವರ್ಷದ ‘ಮೆಕಿಂತೋಷ್ 2’ ಆರು ಸ್ಲಾಟ್‌ಗಳ ದೊಡ್ಡ ಪೆಟ್ಟಿಗೆ. ಹತ್ತು ವರ್ಷ ಸುತ್ತಿ ವೋಜ್ನಿಯಾಕನ ಮಾತಿಗೇ ಬಂದು ನಿಂತಂತಾಯಿತು.

ಜಾಬ್ಸ್ ಮರಳಿ ಬಂದ ಮೇಲೆ 2000ದ ಜುಲೈಯಲ್ಲಿ ‘ಕ್ಯೂಬ್’ ಬಂದಿತು. ಸುಮಾರು ಎಂಟು ಅಂಗುಲದ ಘನಾಕೃತಿ, ಸುತ್ತ ಪಾರದರ್ಶಕ ಕವಚ, ಮತ್ತೆ ಫ್ಯಾನಿಲ್ಲ. ಕಣ್ತುಂಬ ನೋಡಬೇಕೆನಿಸುವ ವಸ್ತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅದಕ್ಕೆ ಸ್ಥಾನ ದೊರೆತಿದೆ. ಆದರೆ ಬೆಲೆ 1,799 ಡಾಲರ್, ಪರದೆ ಬೇರೆ. ಅದೇ ಸಂಸ್ಥೆಯ ದೊಡ್ಡ ಪೆಟ್ಟಿಗೆ, ಸ್ಲಾಟ್‌ಗಳ ಸಮೇತ, 1,599ಕ್ಕೆ ಸಿಗುತ್ತಿತ್ತು. ಕವಚದಲ್ಲಿ ಬಿರುಕಿನಂಥ ಗೆರೆಗಳು ಕಾಣುತ್ತಿವೆಯೆಂಬ ದೂರು ಬೇರೆ. ಒಂದೇ ವರ್ಷದಲ್ಲಿ, 2001ರ ಜುಲೈಯಲ್ಲಿ, ತಯಾರಿಕೆ ನಿಂತಿತು. ಕಡಿಮೆ ಕೊಟ್ಟು ಹೆಚ್ಚು ಕೇಳಿದರೆ ಗ್ರಾಹಕ ಎಷ್ಟು ದಿನ ಸೌಂದರ್ಯವನ್ನು ಮೆಚ್ಚುತ್ತಾನೆ?

2005ರ ಜನವರಿಯ ‘ಮ್ಯಾಕ್ ಮಿನಿ’ ಈ ಲೆಕ್ಕವನ್ನು ತಿರುಗಿಸಿತು. ಆರೂವರೆ ಅಂಗುಲ ಚೌಕ, ಎರಡು ಅಂಗುಲ ಎತ್ತರ, ಬೆಲೆ 499 ಡಾಲರ್. ಪರದೆ, ಕೀಲಿಮಣೆ, ಮೌಸ್ ನಿಮ್ಮದು. ಮನೆಯಲ್ಲಿ ಹಳೆಯವು ಇದ್ದರೆ ಅವೇ ಸಾಕು. ಪುಟ್ಟದೆಂಬುದು ಇಲ್ಲಿ ಶೋಕಿಯಾಗದೆ ಉಳಿತಾಯವಾಯಿತು. ಆದರೆ ಲ್ಯಾಪ್‌ಟಾಪಿನ ಭಾಗಗಳನ್ನು ಹಾಕಿದ್ದರಿಂದ ವೇಗ ಕುಂದಿತು: ದೊಡ್ಡ ಪೆಟ್ಟಿಗೆಗಳ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುತ್ತಿದ್ದರೆ ಇದರದು 4,200. ಸ್ಮೃತಿಗೆ ಒಂದೇ ಜಾಗ. ಪೆಟ್ಟಿಗೆ ತೆರೆಯಲು ಗಾಜಿಗೆ ಮೇಣ ಮೆತ್ತುವವರ ತೆಳು ತಗಡಿನ ಕರಣೆಯನ್ನು ಸಂದಿಯಲ್ಲಿ ತೂರಿಸಿ ಮೀಟಬೇಕಿತ್ತು! ಆದರೂ ಧೈರ್ಯವಿದ್ದವರು ತೆರೆಯಬಹುದಿತ್ತು, ಸ್ಮೃತಿಯನ್ನು ಬದಲಿಸಬಹುದಿತ್ತು. 2010ರ ಮಾದರಿಯಲ್ಲಿ ಅಡಿಯ ಮುಚ್ಚಳ ತಿರುಗಿಸಿದರೆ ಸ್ಮೃತಿ ಕೈಗೆ ಸಿಗುತ್ತಿತ್ತು. 2014ರಲ್ಲಿ ಮತ್ತೆ ಬೆಸುಗೆ ಹಾಕಿದರು. 2018ರಲ್ಲಿ ಬಿಡಿಸಿದರು. 2020ರಿಂದ ಸ್ಮೃತಿಯನ್ನು ಮುಖ್ಯ ಚಿಪ್ಪಿನ ಜೊತೆಯಲ್ಲೇ ಕೂರಿಸಿದ್ದಾರೆ; ಇದರಿಂದ ವೇಗ ನಿಜಕ್ಕೂ ಹೆಚ್ಚಿತು, ವಿದ್ಯುತ್ತಿನ ಖರ್ಚೂ ತಗ್ಗಿತು, ಮುಂದೆ ಹೆಚ್ಚಿಸುವ ದಾರಿ ಮಾತ್ರ ಮುಚ್ಚಿತು.

ನಮ್ಮ ಕಡೆಯ ಮನೆಗಳಿಗೆ ಇದನ್ನು ಅನ್ವಯಿಸಿ ನೋಡಿ. ಮ್ಯಾಕ್ ಮಿನಿಯ ಕಾರ್ಯೋಚಿತ ಉಷ್ಣತೆಯೆಂದು ತಯಾರಕರು ಹೇಳುವುದು 10ರಿಂದ 35 ಡಿಗ್ರಿ ಸೆಲ್ಸಿಯಸ್. ರಾಯಚೂರು, ಕಲಬುರಗಿಗಳ ಬೇಸಿಗೆ 40 ದಾಟುತ್ತದೆ. ಪುಟ್ಟ ಯಂತ್ರವನ್ನು ಪುಸ್ತಕಗಳ ನಡುವೆ ತುರುಕಿಟ್ಟು, ಮೇಲೊಂದು ಕಸೂತಿಯ ಬಟ್ಟೆ ಹೊದಿಸುವ ಅಭ್ಯಾಸ ನಮ್ಮಲ್ಲುಂಟು. ದೂಳಿಗೆ ಅದು ಒಳ್ಳೆಯದು, ಗಾಳಿಗೆ ಕೆಟ್ಟದ್ದು. ಕರೆಂಟ್ ಹೋಗುವ ಊರುಗಳಲ್ಲಿ ಮಾತ್ರ ಪುಟ್ಟದಕ್ಕೇ ಮೇಲುಗೈ: 2005ರ ಮಿನಿಯ ಅಡಾಪ್ಟರ್ 85 ವಾಟಿನದು, ಸಣ್ಣ ಯುಪಿಎಸ್ ಕೂಡ ಅದನ್ನು ಹೆಚ್ಚು ಹೊತ್ತು ನಡೆಸೀತು.

ರಿಪೇರಿಯ ವಿಷಯದಲ್ಲಿ ದೊಡ್ಡದೇ ವಾಸಿ. ದೊಡ್ಡ ಪೆಟ್ಟಿಗೆಯ ವಿದ್ಯುತ್ ಭಾಗ ಸುಟ್ಟರೆ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಬೇರೆ ಸಿಕ್ಕೀತು. ಪುಟ್ಟದರ ಭಾಗಗಳು ಅದರದೇ ಅಳತೆಯವು. ಆದ್ದರಿಂದ ಮಕ್ಕಳ ಓದು, ಅಂಗಡಿಯ ಲೆಕ್ಕ, ಪತ್ರವ್ಯವಹಾರ ಇಷ್ಟೇ ಎಂದಾದರೆ ನಾನು ಪುಟ್ಟದನ್ನೇ ಹೇಳುತ್ತೇನೆ; ಚಲಚಿತ್ರದ ಕೆಲಸವೋ ಹೊಸ ಹೊಸ ಕಾರ್ಡ್ ಸೇರಿಸುವ ಹುಚ್ಚೋ ಇದ್ದರೆ ದೊಡ್ಡದು. ಪುಟ್ಟದನ್ನು ಕೊಳ್ಳುವಾಗ ಅಂಗಡಿಯವರನ್ನು ಎರಡು ಮಾತು ಕೇಳಿ: ಸ್ಮೃತಿಯನ್ನು ಆಮೇಲೆ ಹೆಚ್ಚಿಸಬಹುದೇ? ಡಿಸ್ಕ್ ಬದಲಿಸಬಹುದೇ? ಇಲ್ಲವೆಂದರೆ, ಐದು ವರ್ಷಕ್ಕೆ ಬೇಕಾಗುವಷ್ಟನ್ನು ಅಂದೇ ಹಾಕಿಸಿಕೊಂಡು ಒಟ್ಟು ಬೆಲೆ ಎಷ್ಟಾಯಿತೆಂದು ನೋಡಿ. ಹಾಗೆ ಕೂಡಿಸಿದಾಗ ಎಷ್ಟೋ ಸಲ ಪಕ್ಕದ ದೊಡ್ಡ ಪೆಟ್ಟಿಗೆಯೇ ಅಗ್ಗವಾಗಿರುತ್ತದೆ.