ಮರ್ದು, ಮದ್ದು, ಚುಚ್ಚುಮದ್ದು

ಮುಂಗಾರು ಹಿಡಿಯುವ ಹೊತ್ತಿಗೆ ತೀರ್ಥಹಳ್ಳಿ, ಶೃಂಗೇರಿ ಕಡೆಯ ತೋಟದ ಮನೆಗಳಲ್ಲಿ ‘ಮದ್ದು ಹೊಡೆದಾಯ್ತಾ?’ ಎಂದು ಕೇಳಿದರೆ ಯಾರೂ ಡಾಕ್ಟರನ್ನು ನೆನೆಯುವುದಿಲ್ಲ. ಅಲ್ಲಿ ಮದ್ದು ಎಂದರೆ ಅಡಿಕೆಗೆ ಕೊಳೆರೋಗ ತಗಲದಂತೆ ಸಿಂಪಡಿಸುವ, ಮೈಲುತುತ್ತ ಮತ್ತು ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ. ಜಾತ್ರೆಯಲ್ಲಿ ಮದ್ದು ಸುಡುತ್ತಾರೆ ಎಂದರೆ ಬಾಣಬಿರುಸು. ಮಗುವಿಗೆ ಶೀತವಾದಾಗ ಅಜ್ಜಿ ಕುದಿಸುವುದು ಮನೆಮದ್ದು. ಚೆನ್ನಾಗಿದ್ದವನು ಇದ್ದಕ್ಕಿದ್ದಂತೆ ಸೊರಗಿದರೆ ‘ಯಾರೋ ಮದ್ದು ಹಾಕಿದ್ದಾರೆ’ ಎಂದು ಊರು ಪಿಸುಗುಡುತ್ತದೆ. ಈಗ ಇದೇ ಪದ ಔಷಧಿ ಅಂಗಡಿಯ ಫ್ರಿಜ್ಜಿನೊಳಗೂ ಕುಳಿತಿದೆ. ಸಕ್ಕರೆ ಕಾಯಿಲೆಗೂ ತೂಕ ಇಳಿಸುವುದಕ್ಕೂ ವಾರಕ್ಕೊಮ್ಮೆ ತೆಗೆದುಕೊಳ್ಳುವ, ಪೆನ್ನಿನ ಆಕಾರದ ಚುಚ್ಚುಮದ್ದು ಅದು. ಗುಣಪಡಿಸುವುದು, ಸಿಡಿಯುವುದು, ಕೊಲ್ಲುವುದು ಮೂರನ್ನೂ ಒಂದೇ ಪದ ಹೊತ್ತು ಬಂದಿರುವುದು ಯೋಚಿಸಬೇಕಾದ ಸಂಗತಿ.

ಹಳಗನ್ನಡದಲ್ಲಿ ಇದು ‘ಮರ್ದು’. ‘ಇರ್ದು’ ಎಂಬುದು ‘ಇದ್ದು’ ಆದ ಹಾಗೆ ರಕಾರ ದಕಾರದಲ್ಲಿ ಕರಗಿ ‘ಮದ್ದು’ ಆಯಿತು. ತುಳುವಿನ ‘ಮರ್ದ್’ ಆ ರಕಾರವನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ತಮಿಳಿನ ಮರುಂದು, ಮಲಯಾಳದ ಮರುನ್ನು, ತೆಲುಗಿನ ಮಂದು ಇವೆಲ್ಲ ಒಂದೇ ಬೇರಿನವು. ತಮಿಳಿನ ತಿರುಕ್ಕುರಳಿನ 95ನೇ ಅಧ್ಯಾಯದ ಹೆಸರೇ ‘ಮರುಂದು’. ಅಲ್ಲಿ ಬೇರು, ನಾರು, ಕಷಾಯಗಳ ಪಟ್ಟಿ ಇರಬಹುದೆಂದು ಹುಡುಕಿದರೆ ಸಿಗುವುದು ಊಟದ ಮಾತು: ಮೊದಲು ಉಂಡದ್ದು ಅರಗಿದ ಮೇಲೆ, ಅಳತೆಯರಿತು ಉಣ್ಣು ಎಂಬುದೇ ಅಧ್ಯಾಯದ ಹೆಚ್ಚಿನ ಭಾಗ. ರೋಗಿ, ವೈದ್ಯ, ಔಷಧ, ಹತ್ತಿರವಿದ್ದು ಉಪಚರಿಸುವವನು, ಈ ನಾಲ್ಕೂ ಸೇರಿದರೇ ಚಿಕಿತ್ಸೆ ಎಂದು ಅದು ಮುಗಿಯುತ್ತದೆ. ಮದ್ದು ಒಂಟಿಯಾಗಿ ಕೆಲಸ ಮಾಡುವ ವಸ್ತುವಲ್ಲ ಎಂಬ ತಿಳಿವಳಿಕೆ ಈ ಪದದಷ್ಟೇ ಹಳೆಯದಿರಬೇಕು.

ಕೋವಿ, ಫಿರಂಗಿಗಳು ಬಂದಾಗ ಕರಿಪುಡಿಗೂ ಇದೇ ಹೆಸರು ಅಂಟಿತು. ಕನ್ನಡ ಮಾತ್ರ ಹೀಗೆ ಮಾಡಲಿಲ್ಲ. ಚೀನೀ ಭಾಷೆಯಲ್ಲಿ ಅದರ ಹೆಸರು ‘ಬೆಂಕಿಯ ಔಷಧ’. ಪಾರಸಿಯಲ್ಲಿ ಔಷಧವಾಗಿದ್ದ ‘ದಾರೂ’ ಮರಾಠಿಗೆ ಬಂದು ಹೆಂಡವೂ ಆಯಿತು, ಕೋವಿಯ ಪುಡಿಯೂ ಆಯಿತು. ಚಿಟಿಕೆಯಷ್ಟು ಪುಡಿಯಲ್ಲಿ ದೊಡ್ಡ ಶಕ್ತಿ ಅಡಗಿದ್ದರೆ ಜನ ಅದನ್ನು ಮದ್ದೆಂದರು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಗಳು ಇನ್ನೂ ಇವೆ. ಜೋಡಿ ರೈಲುಹಳಿಗೆ ಅಡ್ಡವಾಗಿದ್ದ ಒಂದನ್ನು 2017ರಲ್ಲಿ ಒಡೆಯದೆ, ಇಡೀ ಕಟ್ಟಡವನ್ನೇ ಸರಿಸಿ ಉಳಿಸಿಕೊಂಡರು. ದಪ್ಪ ಗೋಡೆಯ ಆ ಕಟ್ಟಡ ನೋಡಿದರೆ ಗೊತ್ತಾಗುತ್ತದೆ: ಮದ್ದನ್ನು ಕಂಡಕಂಡಲ್ಲಿ ಇಡುತ್ತಿರಲಿಲ್ಲ.

ವಿಷದ ಅರ್ಥವಂತೂ ಪದಕ್ಕೆ ಸದಾ ಅಂಟಿಕೊಂಡೇ ಇತ್ತು. ಅನ್ನದಲ್ಲಿ ಬೆರೆಸಿ ಕೊಡುವುದು ಇಡುಮದ್ದು. ವಿಷಕ್ಕೆ ಪ್ರತಿಮದ್ದು ಹುಡುಕುವುದು ಕನ್ನಡದಲ್ಲಿ ಒಂದು ಶಾಸ್ತ್ರವಾಗಿಯೇ ಬೆಳೆದಿತ್ತು. 14ನೇ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ವನ್ನು ಬರೆದದ್ದು ಇದಕ್ಕಾಗಿಯೇ. ಗಿಡಮೂಲಿಕೆಗಳ ವಿಷ, ಪ್ರಾಣಿಗಳ ವಿಷ, ಅವಕ್ಕೆ ಚಿಕಿತ್ಸೆ ಎಲ್ಲವೂ ಅದರಲ್ಲಿವೆ.

ಇಂದಿನ ಚುಚ್ಚುಮದ್ದಿನ ಕತೆಯಲ್ಲೂ ವಿಷವಿದೆ. ಅಮೆರಿಕದ ನೈರುತ್ಯ ಮರುಭೂಮಿಯಲ್ಲಿ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಿದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿದ್ದ ವೈದ್ಯ ಜಾನ್ ಎಂಗ್ ಅದರ ವಿಷದಲ್ಲಿ ಎಕ್ಸೆಂಡಿನ್-4 ಎಂಬ ಅಂಶವನ್ನು ಗುರುತಿಸಿ 1992ರಲ್ಲಿ ಪ್ರಕಟಿಸಿದರು. ಊಟವಾದ ಮೇಲೆ ನಮ್ಮ ಕರುಳು ಸ್ರವಿಸುವ ಜಿಎಲ್‌ಪಿ-1 ಹಾರ್ಮೋನನ್ನೇ ಅದು ಹೋಲುತ್ತಿತ್ತು. ನಮ್ಮ ಹಾರ್ಮೋನು ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ಒಡೆದುಹೋಗುತ್ತದೆ, ಹಲ್ಲಿಯದು ಗಂಟೆಗಟ್ಟಲೆ ಉಳಿಯುತ್ತದೆ. ಇದರಿಂದ ಹುಟ್ಟಿದ ಎಕ್ಸೆನಟೈಡ್ 2005ರಲ್ಲಿ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಔಷಧಿಯಾಯಿತು. ಮುಂದೆ ಮಾನವ ಹಾರ್ಮೋನನ್ನೇ ತಿದ್ದಿ ವಾರವಿಡೀ ಉಳಿಯುವಂತೆ ಮಾಡಿದ ಸೆಮಗ್ಲುಟೈಡ್ ಬಂತು, ಎರಡು ಹಾರ್ಮೋನುಗಳ ಕೆಲಸ ಮಾಡುವ ಟಿರ್ಜೆಪಟೈಡ್ ಬಂತು. ಟಿರ್ಜೆಪಟೈಡಿನ ಮೌಂಜಾರೊ ಮತ್ತು ಸೆಮಗ್ಲುಟೈಡಿನ ವೆಗೋವಿ ಎಂಬ ಬ್ರಾಂಡುಗಳು 2025ರಲ್ಲಿ ಭಾರತದ ಅಂಗಡಿಗಳಿಗೂ ಬಂದವು.

‘ಚುಚ್ಚುಮದ್ದು’ ಸಂಸ್ಕೃತದ ಹಂಗಿಲ್ಲದೆ ಕಟ್ಟಿದ ಚೆಂದದ ಮಾತು. ಶಾಲೆಯ ವ್ಯಾಕರಣದಲ್ಲಿ ಗಮಕ ಸಮಾಸಕ್ಕೆ ಕೊಡುವ ಉದಾಹರಣೆ ‘ಸಿಡಿಮದ್ದು’, ಇದೂ ಅದೇ ಅಚ್ಚಿನದು. ಲಸಿಕೆಗೂ ಇದೇ ಪದ, 1922ರಲ್ಲಿ ಟೊರಾಂಟೊದ ಹದಿನಾಲ್ಕರ ಹುಡುಗನಿಗೆ ಮೊದಲು ಕೊಟ್ಟ ಇನ್ಸುಲಿನ್ನಿಗೂ ಇದೇ ಪದ. ಆದರೆ ಇನ್ಸುಲಿನ್ ಬೇರೆ, ಈ ಹೊಸ ಮದ್ದು ಬೇರೆ. ಇನ್ಸುಲಿನ್ ಚುಚ್ಚಿಕೊಂಡರೆ ದೇಹಕ್ಕೆ ಹೊರಗಿನಿಂದ ಹಾರ್ಮೋನು ತುಂಬಿದಂತೆ. ಹೊಸ ಮದ್ದು ಸಕ್ಕರೆ ಏರಿದಾಗ ಮೇದೋಜೀರಕ ಗ್ರಂಥಿಯಿಂದಲೇ ಇನ್ಸುಲಿನ್ ಹೊರಡಿಸುತ್ತದೆ, ಜಠರ ನಿಧಾನವಾಗಿ ಖಾಲಿಯಾಗುವಂತೆ ಮಾಡುತ್ತದೆ, ಹೊಟ್ಟೆ ತುಂಬಿತೆಂದು ಮೆದುಳಿಗೆ ಹೇಳುತ್ತದೆ. ಸೆಮಗ್ಲುಟೈಡ್ ಪೆನ್ನಿನ ತುದಿಯನ್ನು ತಿರುಗಿಸಿ, ಪುಟ್ಟ ಕಿಂಡಿಯಲ್ಲಿ 0.25 ಎಂಬ ಅಂಕಿ ಕಂಡ ಮೇಲೆ, ಹೊಟ್ಟೆಯ ಇಲ್ಲವೇ ತೊಡೆಯ ಚರ್ಮದಡಿಗೆ ಚುಚ್ಚಿ ಕೆಲವು ಸೆಕೆಂಡು ಹಿಡಿದಿರಬೇಕು. ಆ 0.25 ಮಿಲಿಗ್ರಾಂ ಮೊದಲ ನಾಲ್ಕು ವಾರಗಳಲ್ಲಿ ವಾರಕ್ಕೊಮ್ಮೆಯ ಪ್ರಮಾಣ. ದೇಹ ಒಗ್ಗಿದ ಮೇಲೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ.

ಇದರ ಗುಣ ನಿಜವಾದದ್ದು. 2021ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಆಹಾರ–ವ್ಯಾಯಾಮದ ಜೊತೆಗೆ ವಾರಕ್ಕೆ 2.4 ಮಿಲಿಗ್ರಾಂ ಸೆಮಗ್ಲುಟೈಡ್ ಪಡೆದವರು 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ತೂಕ ಇಳಿಸಿಕೊಂಡರು. 2023ರಲ್ಲಿ, ಮೊದಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದು ತೂಕ ಹೆಚ್ಚಿದ್ದ, ಆದರೆ ಸಕ್ಕರೆ ಕಾಯಿಲೆ ಇಲ್ಲದ 17,600ಕ್ಕೂ ಹೆಚ್ಚು ಜನರ ಪರೀಕ್ಷೆಯಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಶೇ. 20ರಷ್ಟು ಕಡಿಮೆಯಾದವು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋಲುತ್ತಿದ್ದವರಿಗೂ ಪ್ರಯೋಜನ ಕಂಡಿದೆ. ಬೊಜ್ಜನ್ನು ಸೋಮಾರಿತನವೆಂದು ಹಂಗಿಸುತ್ತ ಬಂದ ನಮಗೆ, ಹಸಿವೂ ಹಾರ್ಮೋನಿನ ಮಾತು ಕೇಳುತ್ತದೆ ಎಂದು ಈ ಮದ್ದು ತೋರಿಸಿಕೊಟ್ಟಿತು. ಇದಕ್ಕಾದರೂ ನಾವು ಋಣಿಗಳು.

ಕೆಡುಕೂ ಅಷ್ಟೇ ನಿಜ. ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಬಹಳ ಜನರಿಗೆ ಬರುತ್ತವೆ. ಪಿತ್ತಕೋಶದಲ್ಲಿ ಕಲ್ಲಾಗಬಹುದು, ಕೆಲವರಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಸಕ್ಕರೆ ಬೇಗ ಇಳಿದರೆ, ಮೊದಲೇ ರೆಟಿನಾ ಕೆಟ್ಟಿರುವವರ ಕಣ್ಣು ಇನ್ನಷ್ಟು ಹದಗೆಡಬಹುದು. ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಮಾತ್ರೆಯ ಜೊತೆ ಸೇರಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ತಮಗೆ ಅಥವಾ ಮನೆತನದಲ್ಲಿ ಬಂದಿದ್ದರೆ ಇದು ಬೇಡ. ಬಸುರಿಯರಿಗೆ ಸಲ್ಲದು, ಮಗು ಬೇಕೆನ್ನುವವರು ಸೆಮಗ್ಲುಟೈಡನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವವರಿಗೆ ತಿಳಿಸಲೇಬೇಕು, ಏಕೆಂದರೆ ಹೊಟ್ಟೆಯಲ್ಲಿ ಉಳಿದ ಆಹಾರ ಶ್ವಾಸಕೋಶಕ್ಕೆ ಇಳಿಯಬಹುದು. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮದ್ದು ನಿಲ್ಲಿಸಿದವರನ್ನು ಒಂದು ವರ್ಷದ ಮೇಲೆ ನೋಡಿದಾಗ, ಇಳಿದಿದ್ದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದಿತ್ತು.

ಈ ಪದಕ್ಕೆ ಒಂದು ಜೊತೆಗಾತಿ ಪದವಿದೆ: ಪಥ್ಯ. ಮದ್ದು ಕೊಟ್ಟವರು ಪಥ್ಯವನ್ನೂ ಹೇಳಿಯೇ ಕಳಿಸುತ್ತಿದ್ದರು. ಹಬ್ಬದ ಮದ್ದಿಗೂ ಇಂಥದೇ ಕಟ್ಟುಪಾಡಿದೆ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪನ್ನು ಕುದಿಸಿ, ನೇರಳೆ ಬಣ್ಣದ ಆ ರಸದಲ್ಲಿ ಪಾಯಸ ಮಾಡಿ ಉಣ್ಣುತ್ತಾರೆ. ಸೊಪ್ಪು ಬೇರೆ ದಿನವೂ ಸಿಗುತ್ತದೆ, ಆದರೂ ಅದಕ್ಕೆಂದು ದಿನ ಗೊತ್ತುಮಾಡಿದ್ದಾರೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ಕೆತ್ತೆಯ ಕಷಾಯ ಕುಡಿದು ಮೆಂತೆ ಗಂಜಿ ಉಣ್ಣುತ್ತಾರೆ. ಪಾಲೆಯೆಂದು ತಿಳಿದು ಕಾಸರಕದ ತೊಗಟೆ ತಂದರೆ ಅದು ವಿಷ, ಹಾಗಾಗಿ ಮರ ಗೊತ್ತಿದ್ದವರೇ ಕಾಡಿಗೆ ಹೋಗಬೇಕು.

ಹೊಸ ಮದ್ದಿಗೂ ಪಥ್ಯವಿದೆ: ಮೆಲ್ಲಗೆ, ಸ್ವಲ್ಪ ಸ್ವಲ್ಪವೇ ಉಣ್ಣುವುದು, ಬೇಳೆಕಾಳು–ಮೊಟ್ಟೆಗಳಲ್ಲಿ ಸಿಗುವ ಪ್ರೋಟೀನ್, ಸ್ನಾಯು ಉಳಿಸುವ ಕಸರತ್ತು, ಸಾಕಷ್ಟು ನೀರು, ಕಾಲಕಾಲಕ್ಕೆ ರಕ್ತ ಮತ್ತು ಕಣ್ಣಿನ ತಪಾಸಣೆ. ಮದುವೆಗೆ ಮುಂಚೆ ನಾಲ್ಕು ಕೆಜಿ ಇಳಿಸಲು ಗೆಳತಿಯ ಪೆನ್ನನ್ನು ಕೇಳಿ ಪಡೆಯುವವರಿಗೆ, ಜಿಮ್ಮಿನಲ್ಲಿ ವೈದ್ಯರ ಚೀಟಿಯಿಲ್ಲದೆ ಕೊಳ್ಳುವವರಿಗೆ ಈ ಪಥ್ಯ ಹೇಳುವವರು ಯಾರೂ ಇಲ್ಲ. ಹಾಗೆಯೇ, ಅಡ್ಡಪರಿಣಾಮದ ಸುದ್ದಿ ಓದಿ, ನಿಜಕ್ಕೂ ಬೇಕಾದವರ ಕೈಯಿಂದ ಇದನ್ನು ಕಸಿಯುವುದೂ ಅನ್ಯಾಯವೇ. ಪೇಟೆ ಇದನ್ನು ಸೌಂದರ್ಯ ಸಾಧನವೆಂದು ಕರೆಯಲು ಹೊರಟಿರುವಾಗ, ನಾವು ಮದ್ದು ಎಂದೇ ಹಟ ಹಿಡಿದು ಕರೆಯಬೇಕು. ಮದ್ದು ಎಂದಾಕ್ಷಣ ಯಾವ ರೋಗಕ್ಕೆ, ಎಷ್ಟು, ಎಲ್ಲಿಯವರೆಗೆ, ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳು ತಾವಾಗಿ ಎದ್ದು ನಿಲ್ಲುತ್ತವೆ. ನಾಲ್ಕಕ್ಕೂ ಉತ್ತರ ಸಿಕ್ಕವರು ಧೈರ್ಯವಾಗಿ ಚುಚ್ಚಿಸಿಕೊಳ್ಳಲಿ. ಸಿಗದವರು ಮೊದಲು ಡಾಕ್ಟರ ಬಳಿಗೆ ಹೋಗಲಿ.