ದೀಪ ದೊಡ್ಡದು ಮಾಡುವುದು

ನಮ್ಮ ಅಜ್ಜಿ ದೀಪ "ಆರಿಸು" ಎಂದು ಎಂದೂ ಹೇಳಿದವರಲ್ಲ. ಅದು ಅಶುಭವಂತೆ. "ದೀಪ ದೊಡ್ಡದು ಮಾಡು" ಎನ್ನುತ್ತಿದ್ದರು. ಮನೆಗೆ ಕರೆಂಟು ಬಂದ ಮೇಲೂ ಅದೇ ಮಾತು. ನಾವು ಹೋಗಿ ಸ್ವಿಚ್ಚು ಆರಿಸಿ ಬರುತ್ತಿದ್ದೆವು.

ಮೊನ್ನೆ ಸೋಲದೇವನಹಳ್ಳಿಯ ನಮ್ಮ ಶಾಲೆಯಲ್ಲಿ ಆರನೆಯ ತರಗತಿಗೆ ವಿದ್ಯುತ್ತಿನ ಪಾಠ ಮಾಡುವಾಗ ಅಜ್ಜಿ ನೆನಪಾದರು. ರಟ್ಟಿನ ಮೇಲೆ ಎರಡು ಡ್ರಾಯಿಂಗ್ ಪಿನ್ನು, ನಡುವೆ ಒಂದು ಸೇಫ್ಟಿ ಪಿನ್ನು. ಅದೇ ನಮ್ಮ ಸ್ವಿಚ್ಚು. ಸೇಫ್ಟಿ ಪಿನ್ನು ತಾಗಿಸಿದೆ, ಟಾರ್ಚಿನ ಬಲ್ಬು ಹತ್ತಿತು. "ಈಗ ಮಂಡಲ ಮುಚ್ಚಿತು" ಎಂದೆ.

"ನಲ್ಲಿ ಮುಚ್ಚಿದರೆ ನೀರು ನಿಲ್ಲುತ್ತಲ್ಲ ಮಿಸ್, ಇಲ್ಲಿ ಮುಚ್ಚಿದರೆ ದೀಪ ಹೇಗೆ ಹತ್ತುತ್ತೆ?" ಎಂದಳು ಒಬ್ಬ ಹುಡುಗಿ. ನ್ಯಾಯವಾದ ಪ್ರಶ್ನೆ. ನಲ್ಲಿ ಬೇಡ, ಸೇತುವೆ ಅಂದುಕೋ ಎಂದೆ. ಸೇತುವೆ ಎತ್ತಿದರೆ ದಾರಿ ಕಡಿಯಿತು.

ನಮ್ಮ ಸೀಮೆಯಲ್ಲಿ ಆ ದಾರಿ ದೊಡ್ಡದಾಗಿಯೇ ಶುರುವಾಯಿತು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಹೊರಟ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಸೇರಿತು. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರ ಆಗಸ್ಟ್ 5ರಂದು. ಮೊದಲು ಗಣಿ, ಆಮೇಲೆ ಬೀದಿ. ಹಳ್ಳಿಯ ಅಡುಗೆಮನೆಯ ಸರದಿ ಬರಲು ಎಷ್ಟೋ ದಶಕ ಹಿಡಿಯಿತು.

ಸ್ವಿಚ್ಚಿಗೂ ಚರಿತ್ರೆಯಿದೆ. ಸೇತುವೆಯನ್ನು ನಿಧಾನವಾಗಿ ಎತ್ತಿದರೆ ನಡುವೆ ಕಿಡಿ ಹಾರಿ ಲೋಹ ಸುಡುತ್ತದೆ. 1884ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾನ್ ಹೆನ್ರಿ ಹೋಮ್ಸ್ ಥಟ್ಟನೆ ಬಿಟ್ಟುಕೊಳ್ಳುವ ಸ್ವಿಚ್ಚು ಮಾಡಿದ. ನಾವು ಕೇಳುವ 'ಟಕ್' ಶಬ್ದ ಅಲ್ಲಿಂದ ಬಂದ ಬಳುವಳಿ.

ಪಾಠ ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಮ್ಮಮ್ಮ ಒಮ್ಮೆ ಸ್ವಿಚ್ಚು ಆರಿಸಿಯೇ ಒದ್ದೆ ಬಟ್ಟೆಯಿಂದ ಬಲ್ಬಿನ ಹೋಲ್ಡರ್ ಒರೆಸಲು ಹೋಗಿ, ಶಾಕ್ ಹೊಡೆದು, ಸ್ಟೂಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ವೈರಿಂಗ್ ಮಾಡಿದವನು ಸ್ವಿಚ್ಚನ್ನು ಫೇಸ್ ತಂತಿಗೆ ಹಾಕದೆ ನ್ಯೂಟ್ರಲ್‌ಗೆ ಹಾಕಿದ್ದ. ಯಾವುದನ್ನು ಕಡಿದರೂ ದೀಪವೇನೋ ಆರುತ್ತದೆ. ನ್ಯೂಟ್ರಲ್ ಕಡಿದರೆ ಮಾತ್ರ ಕರೆಂಟು ಹೋಲ್ಡರ್‌ವರೆಗೂ ಬಂದು ಕಾದು ಕೂತಿರುತ್ತದೆ. ಆ ಕೈಯಲ್ಲಿ ಅಮ್ಮ ಮತ್ತೆ ರೊಟ್ಟಿ ತಟ್ಟಲಿಲ್ಲ.

ಅದಕ್ಕೇ ಮಕ್ಕಳಿಗೆ ಕೇಳಿದೆ: "ನಿಮ್ಮ ಮನೆಯ ಮೇನ್ ಸ್ವಿಚ್ಚು ಎಲ್ಲಿದೆ? ಅಮ್ಮನಿಗೆ ಎಟುಕುತ್ತದೆಯೇ? ನೋಡಿಕೊಂಡು ಬನ್ನಿ, ಮುಟ್ಟಬೇಡಿ."

ಮರುದಿನ ಅದೇ ಹುಡುಗಿ ಎದ್ದು ನಿಂತಳು. "ಅಟ್ಟದ ಹತ್ತಿರ ಇದೆ ಮಿಸ್. ಅಪ್ಪನಿಗೆ ಮಾತ್ರ ಎಟುಕುತ್ತೆ. ಅಪ್ಪನಿಗೆ ಪೀಣ್ಯದಲ್ಲಿ ನೈಟ್ ಶಿಫ್ಟು."